ವ್ಯಾಸಪೀಠದ ಮೇಲೆ ಕೂತ ಟ್ಯಾಬು

ನನ್ನ ಮೊಮ್ಮಗಳು ನನ್ನ ಓದನ್ನು ನನಗೆ ವಾಪಸ್ಸು ತಂದುಕೊಟ್ಟಳು. ಇದನ್ನು ಬರೆಯುವಾಗಲೂ ನಗು ಬರುತ್ತಿದೆ, ತಡೆಯಲಾಗುತ್ತಿಲ್ಲ. ಹೇಳಿಕೊಳ್ಳದಿದ್ದರೆ ಹೊಟ್ಟೆ ಒಡೆದು ಹೋಗುತ್ತದೆ, ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಮುಂದಿನ ಶಾಲೆ ಬೇರೆ ಊರಲ್ಲಿತ್ತು, ಅಲ್ಲಿಗೆ ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ. ಆದರೆ ಕಲಿತಿದ್ದನ್ನು ನಾನು ಬಿಡಲಿಲ್ಲ. ಸಕ್ಕರೆ ಕಟ್ಟಿದ ಕಾಗದ, ಗೊಬ್ಬರದ ಚೀಲ, ಬಸ್ಸಿನ ಬೋರ್ಡು, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದಿದೆ. ಮಕ್ಕಳು ದೊಡ್ಡವರಾದ ಮೇಲೆ ಅಜ್ಜಂಪುರದ ಲೈಬ್ರರಿ ಗೊತ್ತಾಯಿತು. ಸಂತೆಗೆ ಹೋದಾಗ ಒಂದು ಕಾದಂಬರಿ ತರುವುದು, ಮುಂದಿನ ಸಲ ಹೋದಾಗ ಅದನ್ನು ಕೊಟ್ಟು ಇನ್ನೊಂದು ತರುವುದು. ತರಕಾರಿ ಮರೆತು ಬಂದದ್ದುಂಟು, ಪುಸ್ತಕ ಮರೆತದ್ದಿಲ್ಲ.

ಓದುವುದು ನನ್ನೊಬ್ಬಳಿಗಾಗಿ ಅಲ್ಲ. ನಮ್ಮ ಅತ್ತಿಗೆಮ್ಮ, ಅಂದರೆ ನಮ್ಮ ಯಜಮಾನರ ಅಕ್ಕ, ನಮ್ಮ ಜೊತೆಯಲ್ಲೇ ಇದ್ದಾರೆ. ಶಾಲೆಯ ಬಾಗಿಲು ಕಂಡವರಲ್ಲ. ಮಧ್ಯಾಹ್ನ ಊಟವಾದ ಮೇಲೆ ಅವರು ಜಗಲಿಯಲ್ಲಿ ಹುಣಸೆಹಣ್ಣು ಮುಂದಿಟ್ಟುಕೊಂಡು ಬೀಜ ಕುಟ್ಟಿ ತೆಗೆಯುತ್ತಾ ಕೂರುತ್ತಾರೆ, ನಾನು ಕಂಬಕ್ಕೆ ಒರಗಿ ಗಟ್ಟಿಯಾಗಿ ಓದುತ್ತೇನೆ. ಕಥೆ ಹೇಗಿದೆ ಎಂದು ನಾನು ಅವರನ್ನು ಕೇಳಬೇಕಾಗಿಯೇ ಇಲ್ಲ. ಕಥೆ ಸಪ್ಪೆಯಾದರೆ ಕಲ್ಲು ಟಕ್ ಟಕ್ ಎಂದು ಜೋರಾಗಿ ಕುಟ್ಟುತ್ತದೆ. ರುಚಿ ಹತ್ತಿದರೆ ಮೆಲ್ಲಗಾಗುತ್ತದೆ. ತೀರ ಬಿಗಿಯಾದಾಗ ಕಲ್ಲು ಮೇಲೆತ್ತಿದ ಕೈ ಹಾಗೇ ನಿಂತುಬಿಡುತ್ತದೆ.

ಹೋದ ಸಲದ ಕಾದಂಬರಿಯಲ್ಲಿ ಒಬ್ಬ ಹೆಂಗಸು ಗಂಡನ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ತುಳಸಿಕಟ್ಟೆಯ ಮೇಲಿಟ್ಟು ಹೊಳೆಯ ದಡಕ್ಕೆ ಬಂದು ನಿಂತಿದ್ದಳು. ಆಚೆ ದಡದಿಂದ ದೋಣಿ ಬರುತ್ತಿತ್ತು. ಅತ್ತಿಗೆಮ್ಮನ ಕಲ್ಲು ನಿಂತಿತ್ತು. ಅಷ್ಟರಲ್ಲೇ ನನ್ನ ಕಣ್ಣು ಕೈಕೊಟ್ಟಿತು. ಪೊರೆ ತೆಗೆಸಿಕೊಂಡು ಬಂದ ಮೇಲೆ ತೋಟದ ಆಚೆ ತುದಿಯ ತೆಂಗಿನಮರದ ಕಾಯಿ ಎಣಿಸುವಷ್ಟು ದೂರದ್ದು ಕಾಣತೊಡಗಿತು. ಪುಸ್ತಕದ ಸಣ್ಣ ಅಕ್ಷರ ಮಾತ್ರ ಇರುವೆ ಸಾಲು ಹರಿದ ಹಾಗೆ ಹರಿಯುತ್ತಿತ್ತು. ಕನ್ನಡಕ ಹಾಕಿ ಅರ್ಧ ಪುಟ ಓದುವಷ್ಟರಲ್ಲಿ ಹಣೆ ಸಿಡಿಯುತ್ತಿತ್ತು. ಲೈಬ್ರರಿಯ ಪುಸ್ತಕ, ಎಷ್ಟು ದಿನ ಇಟ್ಟುಕೊಳ್ಳಲಾಗುತ್ತದೆ? ವಾಪಸ್ಸು ಕೊಟ್ಟೆ.

ಅಲ್ಲಿಂದ ಶುರುವಾಯಿತು ಅತ್ತಿಗೆಮ್ಮನ ಪ್ರಶ್ನೆ.

"ಲೇ, ಅವ್ಳು ದೋಣಿ ಹತ್ತಿದ್ಲೇನೇ?"

"ನಂಗೇನ್ ಗೊತ್ತು ಅತ್ತಿಗೆಮ್ಮ, ಪುಸ್ತಕ ಕೊಟ್ಬಿಟ್ನಲ್ಲ."

"ಹತ್ತಿಲ್ಲ ಅನ್ಸುತ್ತೆ ಕಣೇ. ಅತ್ತೆ ಓಡಿ ಬಂದು ಕೈ ಹಿಡ್ಕಂಡಿರ್ತಾಳೆ." ಮರುದಿನ ಅವರೇ ಬದಲಾಯಿಸುತ್ತಿದ್ದರು. "ಅಂಥ ಅತ್ತೆ ಯಾಕ್ ಬತ್ತಾಳೆ? ಹತ್ತಿರ್ತಾಳೆ ಬಿಡು. ಅಲ್ಲ, ಹತ್ತಿದ್ರೆ ಎಲ್ಲಿಗೇ ಹೋಗ್ತಾಳೆ?" ಹಾಲು ಕಾಯಿಸುವಾಗ, ಹೂ ಕಟ್ಟುವಾಗ, ದೇವರ ಮುಂದೆ ದೀಪ ಹಚ್ಚುವಾಗ ಕೂಡ ಅದೇ ದೋಣಿ. ನನಗೂ ಒಳಗೆ ಕೊರೆತ. ನಮ್ಮ ಮಾವನವರು ಶ್ರಾವಣದಲ್ಲಿ ವ್ಯಾಸಪೀಠದ ಮೇಲೆ ಪುರಾಣ ಇಟ್ಟು ಓದುತ್ತಿದ್ದವರು. ನಾಲ್ಕು ಜನರೆದುರು ಹಿಡಿದ ಓದನ್ನು ಅರ್ಧಕ್ಕೆ ಬಿಡಬಾರದು ಎನ್ನುತ್ತಿದ್ದರು. ಕೊನೆಯ ಅಧ್ಯಾಯವನ್ನು ಮಾತ್ರ ಬೇಕಾದ ದಿನ ಓದುವಂತಿರಲಿಲ್ಲ. ಸೋಮವಾರಕ್ಕೆ ಕಾದು, ಕಾಯಿ ಒಡೆದು, ಪಾಯಸ ಮಾಡಿ ಮಂಗಳ ಮಾಡಬೇಕು. ಹೀಗಿರುವ ಮನೆಯಲ್ಲಿ ಒಬ್ಬ ಹೆಂಗಸನ್ನು ಹೊಳೆಯ ದಡದಲ್ಲಿ ನಿಲ್ಲಿಸಿ ಬಂದಿದ್ದೆ ನಾನು.

ಮೊಮ್ಮಗಳು ತರೀಕೆರೆಯ ಕಾಲೇಜಿನಲ್ಲಿ ಓದುತ್ತಾಳೆ, ಅಲ್ಲೇ ಹಾಸ್ಟೆಲು. ಭಾನುವಾರ ಬಂದವಳು ದೊಡ್ಡಜ್ಜಿಯ, ಅಂದರೆ ಅತ್ತಿಗೆಮ್ಮನ, ದೋಣಿ ಪುರಾಣ ಕೇಳಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಫೋನು ತೆಗೆದು ಏನೋ ಒತ್ತಿ ನನ್ನ ಮುಂದೆ ಹಿಡಿದಳು. ಅದೇ ಕಾದಂಬರಿ! ಲೈಬ್ರರಿ ಪುಸ್ತಕವನ್ನು ಈಗ ಹೀಗೂ ಎರವಲು ಕೊಡುತ್ತಾರಂತೆ. ಕಾಸಿಲ್ಲ, ಹೆಸರು ನೋಂದಾಯಿಸಿದರಾಯಿತು, ಗಡುವು ಮುಗಿದ ಮೇಲೆ ಅದೇ ವಾಪಸ್ಸು ಹೋಗುತ್ತದಂತೆ. ಆ ಕೊನೆಯ ಮಾತನ್ನು ನಾನು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ, ಖುಷಿಯಲ್ಲಿದ್ದೆ.

ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲಿಗೆ ಮೂರು ಪದ. ಪುಟವನ್ನು ಆ ಕಡೆ ಈ ಕಡೆ ಎಳೆದೂ ಎಳೆದೂ ಬೆರಳು ಸೋತಿತು.

"ಇದ್ರಲ್ಲಿ ಓದಿದ್ರೆ ಅವ್ಳು ದೋಣಿ ಹತ್ತೋದ್ರೊಳಗೆ ಹೊಳೆನೇ ಬತ್ತೋಗುತ್ತೆ ಕಣಮ್ಮ," ಎಂದೆ.

"ಹಂಗಾದ್ರೆ ದೊಡ್ಡದು ತಗೊಳಣ ಅಜ್ಜಿ. ಟ್ಯಾಬೋ, ಇ-ರೀಡರೋ, ನೀನೇ ನೋಡಿ ಹೇಳು."

ನಾನೇ ನೋಡಿ ಹೇಳುವುದು! ನನ್ನ ಮದುವೆಯಲ್ಲೂ ಯಾರೂ ಹೀಗೆ ಕೇಳಿರಲಿಲ್ಲ.

ಮುಂದಿನ ವಾರ ಅವಳು ತನ್ನ ಕಾಲೇಜಿನ ಮೇಡಮ್ಮನವರಿಂದ ಒಂದು ಇ-ರೀಡರನ್ನು, ಪುಸ್ತಕ ಓದಲೆಂದೇ ಮಾಡಿದ್ದಂತೆ ಅದು, ಕೇಳಿ ತಂದಳು. ಸ್ಲೇಟಿನಂತೆ ತೆಳ್ಳಗೆ, ಹೂವಿನಂತೆ ಹಗುರ. ಹೊಳಪೇ ಇಲ್ಲ, ಕಾಗದದ ಮೇಲೆ ಮಸಿ ಒತ್ತಿದ ಹಾಗೆ ಅಕ್ಷರ. ಅಂಗಳದ ಉರಿಬಿಸಿಲಿಗೆ ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಕಣ್ಣಿಗೆ ತಣ್ಣೀರು ಹಾಕಿದಂತಾಯಿತು. "ಇದೇ ಸಾಕು ಮಗಾ, ಇದೇ ಇರ್ಲಿ," ಎಂದು ಎದೆಗೆ ಅಪ್ಪಿಕೊಂಡೆ.

"ತಡಿ ಅಜ್ಜಿ. ಮೊದ್ಲು ನಮ್ ಲೈಬ್ರರಿ ಪುಸ್ತಕ ಇದ್ರಲ್ಲಿ ತೆರ್ಕಳುತ್ತಾ ನೋಡ್ಬೇಕು."

ತೆರೆದುಕೊಳ್ಳಲಿಲ್ಲ. ಅದರಲ್ಲಿ ಅದರದೇ ಅಂಗಡಿಯ ಪುಸ್ತಕ ಕೊಂಡು ಓದಬಹುದಂತೆ, ನಮ್ಮ ಲೈಬ್ರರಿಯ ಆಪು ಅದರೊಳಗೆ ಕೂರುವುದಿಲ್ಲವಂತೆ. ಎಲ್ಲವನ್ನೂ ತೆರೆಯುವ ಬೇರೆ ಜಾತಿಯವೂ ಇವೆಯಂತೆ, ನಮ್ಮ ಕಡೆ ಯಾವ ಅಂಗಡಿಯಲ್ಲೂ ಇಡುವುದಿಲ್ಲ. ಸಾಲದ್ದಕ್ಕೆ ನಮ್ಮ ಕಾದಂಬರಿಯಂಥ ಹಳೆ ಪುಸ್ತಕಗಳು ಪುಟಪುಟದ ಫೋಟೋಗಳು. ಸಣ್ಣ ಪರದೆಯಲ್ಲಿ ಫೋಟೋ ಸಣ್ಣದು, ಅಕ್ಷರವೂ ಸಣ್ಣದು. ಪರೀಕ್ಷೆಗೆ ಅಂಥ ಒಂದು ಪುಟದ ಫೋಟೋ ಹಾಕಿ ತೋರಿಸಿದಳು. ಮತ್ತದೇ ಇರುವೆ ಸಾಲು.

ಅತ್ತಿಗೆಮ್ಮ ಹುಣಸೆಹಣ್ಣಿನ ಹಿಂದಿನಿಂದ ತೀರ್ಪು ಕೊಟ್ಟರು. "ಹಸ ಎಷ್ಟು ಲಕ್ಷಣವಾಗಿದ್ರೇನೇ, ಹಾಲು ಕೊಡ್ಬೇಕಲ್ಲ!"

ಮನಸ್ಸಿಲ್ಲದ ಮನಸ್ಸಿನಿಂದ ಅದನ್ನು ಸೆರಗಿನಲ್ಲಿ ಒರೆಸಿ ವಾಪಸ್ಸು ಕಳಿಸಿದೆ.

ಟ್ಯಾಬು ನೋಡಲು ಕಡೂರಿಗೆ ಹೋದೆವು. ಅಂಗಡಿಯವನು ಒಳ್ಳೆಯವನೇ, ಆದರೆ ನನ್ನ ಮಾತು ಅವನ ಕಿವಿಗೆ ಹೋಗುತ್ತಲೇ ಇರಲಿಲ್ಲ.

"ನೋಡಿ ಅಜ್ಜಿ, ಸಿನಿಮಾ ಎಷ್ಟು ಕ್ಲಿಯರ್ರು! ಸೌಂಡ್ ಕೇಳಿ!"

"ಸಿನಿಮಾ ಬ್ಯಾಡ ಕಣಪ್ಪಾ. ಪುಸ್ತಕ ತೆಗಿ."

"ಭಕ್ತಿಗೀತೆನೂ ಬರುತ್ತೆ ಅಜ್ಜಿ."

"ಭಕ್ತಿ ಮನೇಲೈತೆ. ಪುಸ್ತಕ ತೆಗಿಯಪ್ಪಾ ಅಂದ್ರೆ!"

ಮೊಮ್ಮಗಳು ನಗು ನುಂಗಿಕೊಂಡು ಲೈಬ್ರರಿಯ ಆಪು ಹಾಕಿಸಿ, ನಮ್ಮ ಕಾದಂಬರಿ ತೆರೆದಳು. ಸಣ್ಣ ಟ್ಯಾಬು ಒಂದು, ದೊಡ್ಡದೊಂದು. ಸಣ್ಣದು ಕೈಗೆ ಹಗುರ, ಪುಟ ಮಾತ್ರ ಪೂರ್ತಿ ಕಾಣದು. ದೊಡ್ಡದರಲ್ಲಿ ಇಡೀ ಪುಟ ಬಂದು ಎದುರಿಗೆ ನಿಂತಿತು, ಒಂದೊಂದು ಅಕ್ಷರವೂ ಬೇಳೆಕಾಳಿನಷ್ಟು ದಪ್ಪ. "ದೋಣಿ ದಡಕ್ಕೆ ತಾಗಿತು" ಎಂದು ಓದಿದೆ. ಓದಿದೆ! ಹಣೆ ಸಿಡಿಯಲಿಲ್ಲ. ಮುಂದಿನ ಸಾಲಿಗೆ ಕಣ್ಣು ಓಡಿತು. ಗಬಕ್ಕನೆ ಪರದೆಯ ಮೇಲೆ ಅಂಗೈ ಇಟ್ಟುಬಿಟ್ಟೆ.

"ಏನಾಯ್ತಜ್ಜಿ?" ಅಂಗಡಿಯವನು ಗಾಬರಿಯಾದ.

"ಏನಿಲ್ಲಪ್ಪ. ಮನೇಲೊಬ್ರು ಕಾಯ್ತಾವ್ರೆ. ಅವ್ರನ್ ಬಿಟ್ಟು ನಾನೊಬ್ಳೇ ಓದಬಾರ್ದು."

ಆಮೇಲೆ ಟ್ಯಾಬು ಹಿಡಿದು ಸೀದಾ ಬೀದಿಗೆ ಹೊರಟೆ. ಅಂಗಡಿಯವನು ಜೀವ ಬಾಯಿಗೆ ಬಂದವನಂತೆ ಹಿಂದೆಯೇ ಓಡಿ ಬಂದ. ನಾನೇನು ಕದ್ದುಕೊಂಡು ಹೋಗುತ್ತೇನೆಯೇ? ಮನೆಯಲ್ಲಿ ನಾವು ಓದುವುದು ಹಗಲು ಬೆಳಕಿನಲ್ಲಿ, ದೀಪದ ಕೆಳಗೆ ಚೆನ್ನಾಗಿ ಕಂಡರೆ ಏನು ಬಂತು? ಬಿಸಿಲಲ್ಲಿ ಹಿಡಿದು ನೋಡಿದರೆ ಅಕ್ಷರವೆಲ್ಲ ಮಾಯ, ನನ್ನದೇ ಮುಖ, ಹಿಂದೆ ಬಸ್ಸು, ಅದರ ಹಿಂದೆ ಅಂಗಡಿಯವನ ಬೆವೆತ ಮುಖ. "ಇದು ಕನ್ನಡಿ ಕಣಪ್ಪಾ," ಎಂದೆ. ಆಗ ಅವನು ಹೊಳಪು ಕಡಿಮೆ ಮಾಡುವ ಒಂದು ಹಾಳೆ ತಂದು ಪರದೆಯ ಮೇಲೆ ಅಂಟಿಸಿಕೊಟ್ಟ. ನೆರಳಿನಲ್ಲಿ ಚೆನ್ನಾಗಿ ಕಂಡಿತು. ಬಿಸಿಲಿನಲ್ಲಿ ಆ ಇ-ರೀಡರಿನ ಸಮ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮ ಜಗಲಿಗೆ ಸೂರಿದೆ, ಕಂಬದ ಈಚೆ ಸರಿದು ಕೂತರಾಯಿತು. ದೊಡ್ಡದನ್ನೇ ತಂದೆವು.

ಉಳಿದದ್ದು ಭಾರ. ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಓದಿದರೆ ಮಣಿಕಟ್ಟು ನೋಯುತ್ತಿತ್ತು. ಒಂದು ಸ್ಟ್ಯಾಂಡು ತರುತ್ತೇನೆ ಎಂದಳು ಮೊಮ್ಮಗಳು. ಅತ್ತಿಗೆಮ್ಮ ಎದ್ದು ಒಳಗೆ ಹೋದರು. ಅಟ್ಟದ ಮೇಲಿಂದ ಏನೋ ಇಳಿಸಿ, ಒರೆಸಿಕೊಂಡು ತಂದು ಮುಂದಿಟ್ಟರು. ಮಾವನವರ ವ್ಯಾಸಪೀಠ! ಕತ್ತರಿಯಂತೆ ಬಿಚ್ಚಿ ನಿಲ್ಲಿಸಿದೆ, ಟ್ಯಾಬು ಇಟ್ಟೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನನಗೆ ಕಣ್ಣು ತುಂಬಿ ಬಂದು, ಇಷ್ಟೆಲ್ಲ ಮಾಡಿ ತಂದ ದೊಡ್ಡ ಅಕ್ಷರವೂ ಆ ಗಳಿಗೆ ಕಾಣಲಿಲ್ಲ.

"ಅಳೋದ್ ಆಮೇಲೆ. ಓದೇ, ದೋಣಿ ಬಂದೈತೆ," ಎಂದರು ಅತ್ತಿಗೆಮ್ಮ.

ದೋಣಿ ದಡಕ್ಕೆ ತಾಗಿತ್ತು, ಸರಿ. ಆದರೆ ಕಾದಂಬರಿ ಬರೆದವರು ಗಟ್ಟಿಗರು. ಅಲ್ಲಿಂದ ಅವಳ ಬಾಲ್ಯಕ್ಕೆ ಹೋದರು, ತವರಿಗೆ ಹೋದರು, ಮದುವೆ ಊಟದ ಜಗಳಕ್ಕೆ ಹೋದರು. ಅವಳು ದಡದಲ್ಲೇ. ದಿನಾ ಮಧ್ಯಾಹ್ನ ನಾನು ಓದಿದೆ, ದಿನಾ ಕಲ್ಲು ನಿಂತು ನಿಂತು ಕುಟ್ಟಿತು. ಎಂಥ ಮಧ್ಯಾಹ್ನಗಳು ಅವು! ಕೊನೆಗೆ ಒಂದು ಶುಕ್ರವಾರ ಕಡೆಯ ಅಧ್ಯಾಯದ ಬಾಗಿಲಿಗೆ ಬಂದು ನಿಂತೆವು. ನಾನು ತಲೆ ಎತ್ತಿ ಅತ್ತಿಗೆಮ್ಮನ ಮುಖ ನೋಡಿದೆ.

"ಸೋಮಾರಕ್ಕಿಡೋಣ್ವಾ?"

ಅವರ ಮುಖದಲ್ಲಿ ಆಸೆಗೂ ಶಾಸ್ತ್ರಕ್ಕೂ ಜಟಾಪಟಿ ನಡೆಯಿತು. "ಇಡು," ಎಂದರು ಕೊನೆಗೆ ನಿಟ್ಟುಸಿರು ಬಿಟ್ಟು. "ಪೀಠದ ಮ್ಯಾಲೆ ಕುಂತ್ಮೇಲೆ ಮಂಗಳ ಆಗ್ಲೇಬೇಕು."

ಸೋಮವಾರ ತಲೆಗೆ ನೀರು ಹಾಕಿಕೊಂಡೆವು. ಶಾವಿಗೆ ಪಾಯಸ ಮಾಡಿದೆ. ಅತ್ತಿಗೆಮ್ಮ ಪೀಠಕ್ಕೆ ಹೂ ಏರಿಸಿದರು, ಕಾಯಿ ಒಡೆದರು. ನಾನು ಟ್ಯಾಬು ತೆರೆದೆ.

ಪುಸ್ತಕ ಇರಲಿಲ್ಲ.

ಅದು ಇದ್ದ ಜಾಗದಲ್ಲಿ ಎರವಲಿನ ಗಡುವು ಮುಗಿಯಿತು ಎಂದು ಒಂದು ಸಾಲು. ಮೊಮ್ಮಗಳಿಗೆ ಫೋನು ಮಾಡಿದೆ.

"ಅಯ್ಯೋ ಅಜ್ಜಿ, ನಿನ್ನೆಗೇ ಮುಗ್ದಿತ್ತು! ಕೊನೆ ಅಧ್ಯಾಯ ಯಾಕ್ ಉಳಿಸ್ಕಂಡ್ರಿ?"

"ಮಂಗಳಕ್ಕೆ ಕಣಮ್ಮ."

ಆ ಕಡೆಯಿಂದ ಬಹಳ ಹೊತ್ತು ಬರೀ ನಗು. ಆಮೇಲೆ ಹುಡುಕಿ ಹೇಳಿದಳು. ಆ ಪುಸ್ತಕವನ್ನು ಬೇರೆ ಯಾರೋ ತೆಗೆದುಕೊಂಡಿದ್ದಾರೆ, ಅವರು ಕೊಟ್ಟ ಮೇಲೆ ನಮ್ಮ ಸರದಿ, ನಮ್ಮ ಹೆಸರು ಹಾಕಿದ್ದಾಳಂತೆ.

ಅತ್ತಿಗೆಮ್ಮ ಫೋನು ಕಿತ್ತುಕೊಂಡರು. "ಯಾರೇ ಅದು? ಯಾವೂರೋರೇ? ನಂಬರ್ ಇಸ್ಕಂಡು ಒಂದ್ ಮಾತು ಕೇಳು, ಅವ್ಳು ಹತ್ತಿದ್ಲಾ ಇಲ್ವಾ ಅಂತ!"

"ಅದೆಲ್ಲ ಹೇಳಲ್ಲ ದೊಡ್ಡಜ್ಜಿ!"

ಪಾಯಸ ಉಂಡೆವು. ಬೇಸರವಾಯಿತು ಎನ್ನಲಾರೆ. ನನಗೆ ಇನ್ನೊಂದೇ ಯೋಚನೆ ಹತ್ತಿಬಿಟ್ಟಿತ್ತು. ಎಲ್ಲೋ, ಸಖರಾಯಪಟ್ಟಣವೋ ಬಿಜಾಪುರವೋ, ಕಂಡಿಲ್ಲದ ಒಬ್ಬರು ಈಗ ನಮ್ಮ ಆ ಹೆಂಗಸಿನ ಜೊತೆ ಹೊಳೆಯ ದಡದಲ್ಲಿ ನಿಂತಿದ್ದಾರೆ. ಲೈಬ್ರರಿಯ ಕಾಗದದ ಪುಸ್ತಕದಲ್ಲಿ ಹಿಂದೆ ಓದಿದವರ ಎಲೆ ಅಡಿಕೆಯ ಕಲೆ ಕಾಣುತ್ತಿತ್ತು, ಇದರಲ್ಲಿ ಕಲೆಯಿಲ್ಲ. ಆದರೂ ಜನ ಇದ್ದಾರಲ್ಲ!

ಒಂದು ಗುರುವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ. ಫೋನು ಬಂತು. "ಅಜ್ಜಿ, ಬಂತು! ಈಗ್ಲೇ ಓದು, ಸೋಮವಾರ ಗೀಮವಾರ ಅಂದ್ರೆ ನೋಡು!" ಒಲೆ ಆರಿಸಿದೆ. ಹಿಟ್ಟಿನ ಕೈಯನ್ನು ಅರೆಬರೆ ತೊಳೆದೆ. ಅತ್ತಿಗೆಮ್ಮ ಸ್ನಾನಕ್ಕೆ ಹೊರಟವರು ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದು ಕೂತರು. ಹುಣಸೆಹಣ್ಣಿಲ್ಲ, ಕಲ್ಲಿಲ್ಲ, ಹೂವಿಲ್ಲ, ಪಾಯಸವಿಲ್ಲ. ವ್ಯಾಸಪೀಠ ಮಾತ್ರ ಇತ್ತು.

ಓದಿದೆ. ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು. ದೋಣಿ ಹತ್ತಿದಳು. ಅಂಬಿಗ ಎಲ್ಲಿಗಮ್ಮ ಎಂದು ಕೇಳಿದ. ಅವಳು ಹೇಳಲಿಲ್ಲ, ಹುಟ್ಟು ಹಾಕುವುದು ಹೇಗೆಂದು ತೋರಿಸು ಎಂದಳು. ಅಲ್ಲಿಗೆ ಮುಗಿಯಿತು.

ಅತ್ತಿಗೆಮ್ಮ ತೊಡೆಯ ಮೇಲೆ ಒಂದು ಏಟು ಹಾಕಿಕೊಂಡರು. "ಹತ್ತಿದ್ಲು ಕಣೇ! ನಾನ್ ಹೇಳ್ಲಿಲ್ವಾ?"

"ಹತ್ತಲ್ಲ ಅಂತಾನೂ ನೀವೇ ಹೇಳಿದ್ರಿ."

"ಅದ್ ಬಿಡು. ಅದ್ನ ವಾಪಸ್ ಕೊಡೋದ್ ಹೆಂಗೆ?"

"ಗಡುವು ಇನ್ನೂ ಐತೆ ಅತ್ತಿಗೆಮ್ಮ. ನಿಧಾನಕ್ಕೆ ಅದೇ ಹೋಗುತ್ತೆ."

"ಎಲ್ಲೀ ನಿಧಾನ! ನಮ್ ಹಿಂದೆ ಇನ್ಯಾರು ಕಾಯ್ತಾವ್ರೋ. ಅವ್ರಿಗೂ ಗೊತ್ತಾಗ್ಬೇಡ್ವಾ? ಈಗ್ಲೇ ಕಳ್ಸು."

ಹಿಟ್ಟು ಅಂಟಿದ ನನ್ನ ಬೆರಳನ್ನು ಅವರೇ ಸೆರಗಿನಿಂದ ಒರೆಸಿದರು. ವಾಪಸ್ಸು ಎಂದಿದ್ದ ಕಡೆ ನಾನು ಒತ್ತಿದೆ. ಪುಸ್ತಕ ಹೋಯಿತು. ಅತ್ತಿಗೆಮ್ಮ ಬಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೊರಟರು. ಬಾಗಿಲಲ್ಲಿ ನಿಂತು, ಇನ್ನೊಂದು ತೆಗೆದಿಟ್ಟಿರು, ಬಂದೆ ಎಂದರು.