ಡೇರಿ ಗೋಡೆಯ ಮೇಲೆ ನಮ್ಮೂರು

ಚನ್ನರಾಯಪಟ್ಟಣದ ಜೆರಾಕ್ಸ್ ಅಂಗಡಿಯಲ್ಲಿ ನಿನ್ನೆ ಲ್ಯಾಮಿನೇಶನ್ ಯಂತ್ರದ ಬಿಸಿ ಪ್ಲಾಸ್ಟಿಕ್ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಪಕ್ಕದ ಮನೆಯ ಭೂಗೋಳದ ಮೇಡಂ ಕಣ್ಣ ಮುಂದೆ ಬಂದು ನಿಂತರು...

ಮೇಡಂ ರಿಟೈರಾದ ಮೇಲೂ ಪಾಠ ಬಿಟ್ಟವರಲ್ಲ. ಉಪಗ್ರಹ ತೆಗೆದ ಚಿತ್ರಗಳು ಪುಕ್ಕಟೆ ಸಿಗುತ್ತವೆ, ಆದರೆ ಹುಡುಕಿ ಓದುವ ದಾರಿ ಹಳ್ಳಿಯವರಿಗೆ ಗೊತ್ತಿಲ್ಲ ಎಂಬುದೇ ಅವರ ಕೊರಗು. ಆಗಾಗ ನಮ್ಮೂರಿನ ಹೊಸ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅರಳಿಕಟ್ಟೆ, ಕೆರೆ ಏರಿ, ಯಾರ್ಯಾರ ಮನೆ, ತೋಟ ಎಲ್ಲವನ್ನೂ ಕನ್ನಡದಲ್ಲಿ ಗುರುತಿಸಿ, ಲ್ಯಾಮಿನೇಟ್ ಮಾಡಿಸಿ ಹಾಲಿನ ಡೇರಿಯ ಗೋಡೆಗೆ ತೂಗುಹಾಕುತ್ತಿದ್ದರು. ಹಾಲು ಹಾಕಲು ಇಡೀ ಊರು ಅಲ್ಲೇ ತಾನೇ ಸಾಲು ನಿಲ್ಲುವುದು.

ಮೊದಲ ಚಿತ್ರವೇ ಎಡವಟ್ಟಾಯಿತು. ತೋಟಗಳೆಲ್ಲ ಕೆಂಪಗಿದ್ದವು. ಹಾಲಿನ ಕ್ಯಾನು ಹಿಡಿದಿದ್ದ ನಮ್ಮ ದೊಡ್ಡಪ್ಪ ಗಾಬರಿಬಿದ್ದರು.

“ಮೇಡಮ್ನೋರೇ, ನನ್ ತ್ವಾಟಕ್ಕೆ ರೋಗ ಬಂದ್ಬುಡ್ತಾ?”

“ಇಲ್ಲ ಗೌಡ್ರೇ, ಇದ್ರಲ್ಲಿ ಚೆನ್ನಾಗಿರೋ ಹಸಿರೇ ಕೆಂಪಾಗಿ ಕಾಣೋದು.”

“ಅಂಗಾದ್ರೆ ಅಸ್ರಾಗೇ ತೋರ್ಸಿ. ಸುಮ್ಕೆ ಯಾಕ್ ಎದೆ ಒಡುಸ್ತೀರಿ?”

ಮೇಡಂ ನಕ್ಕರು. ಮುಂದಿನ ಚಿತ್ರದಲ್ಲಿ ತೋಟ ಹಸಿರಾಗಿತ್ತು, ನೀರು ನೀಲಿಯಾಗಿತ್ತು.

ಆ ವರ್ಷ ಮಳೆ ಚೆನ್ನಾಗಿ ಬಂದರೂ ಕೆರೆ ತುಂಬಲಿಲ್ಲ. ಮೇಲಿನೂರಿನವರು ಕಾಲುವೆಗೆ ಅಡ್ಡ ಕಟ್ಟಿದ್ದಾರೆಂದು ಜಗಳವಾಗಿ, ಎರಡೂರಿನ ನಡುವೆ ಹೋಗಿಬರುವುದೇ ನಿಂತಿತು. ನನ್ನ ತಂಗಿಯನ್ನು ಕೊಟ್ಟದ್ದು ಆ ಊರಿಗೇ. ಗೌರಿ ಹಬ್ಬಕ್ಕೆ ಅವಳನ್ನು ಕರೆಯಕೂಡದೆಂದು ದೊಡ್ಡಪ್ಪ ಹಟ ಹಿಡಿದರು. ಅವ್ವ ಬಾಗಿನದ ಮೊರಗಳನ್ನು ಅಟ್ಟಕ್ಕೆ ಹಾಕಿದಳು. ನನಗೆ ಅನ್ನ ಸೇರುತ್ತಿರಲಿಲ್ಲ.

ಮೇಡಂ ಹೊಸ ಚಿತ್ರ ತೂಗುಹಾಕಿದರು. ದೊಡ್ಡಪ್ಪ ಕಾಲುವೆಯ ಮೇಲೆ ಬೆರಳಿಟ್ಟು ಜಾಡು ಹಿಡಿದರು. ನೀಲಿ ಮೇಲಿನೂರನ್ನು ದಾಟಿ ನಮ್ಮ ತೋಟಗಳ ಅಂಚಿನವರೆಗೂ ಬಂದು, ಅಲ್ಲಿ ಅಗಲವಾಗಿ ಹರಡಿ ನಿಂತಿತ್ತು. ಅದು ತೆಂಗಿನಕಾಯಿ ಸುಲಿದ ಮಟ್ಟೆಯನ್ನು ನಾವೆಲ್ಲ ಸುರಿಯುವ ಜಾಗ. ಬೆರಳೂ ಅಲ್ಲೇ ನಿಂತಿತು.

“ನೀರ್ಗೆ ಅಡ್ಡ ಬಿದ್ದಿರೋದು ನಮ್ ಮಟ್ಟೇನೇ ಕಣ್ಲಾ,” ಎಂದರು ನನ್ನ ಕಡೆ ತಿರುಗಿ. “ನಾವ್ ಗುದ್ಲಿ ತಗಂಡ್ ಓಯ್ತೀವಿ. ನೀನ್ ಓಗಿ ತಂಗೀನ ಕರ್ಕಂಡ್ ಬಾ.”

ಈಗ ಮೇಡಂ ಇಲ್ಲ. ಚಿತ್ರ ಇಳಿಸುವುದನ್ನು ಅವರೇ ನನಗೆ ಕಲಿಸಿದ್ದರು. ಹೊಸ ಚಿತ್ರವನ್ನು ನಾನೇ ಇಳಿಸಿ, ಹೆಸರುಗಳನ್ನೆಲ್ಲ ಅವರ ಹಳೆಯ ಚಿತ್ರ ನೋಡಿಯೇ ಬರೆದು, ನಿನ್ನೆ ಲ್ಯಾಮಿನೇಟ್ ಮಾಡಿಸಿ ತಂದೆ. ಇವತ್ತು ಡೇರಿಯಲ್ಲಿ ತೂಗುಹಾಕುವಾಗ, ಹಬ್ಬಕ್ಕೆ ಬಂದಿರುವ ತಂಗಿ ಕೇಳಿದಳು.

“ಎಲ್ಲಾರ್ದೂ ಬರ್ದಿದ್ದೀಯ. ಮೇಡಮ್ನೋರ್ ಮನೆ ಎಲ್ಲಣ್ಣ?”

ಅವರು ತಮ್ಮ ಮನೆಯನ್ನು ಎಂದೂ ಗುರುತು ಮಾಡಿರಲಿಲ್ಲ. ನಾನು ಬೀಗ ಬಿದ್ದ ಆ ಮನೆಯ ಸೂರನ್ನು ತೋರಿಸಿದೆ. ತಂಗಿ ತನ್ನ ಹಣೆಯ ಕುಂಕುಮವನ್ನು ಬೆರಳ ತುದಿಗೆ ತೆಗೆದು ಅದರ ಮೇಲೆ ಒತ್ತಿದಳು. ಸಾಲಿನಲ್ಲಿದ್ದ ದೊಡ್ಡಪ್ಪ ಆ ಕೆಂಪನ್ನು ನೋಡಿದರು. ಈ ಸಲ ಗಾಬರಿಬೀಳದೆ, ಕ್ಯಾನು ಕೆಳಗಿಟ್ಟು ಕೈಮುಗಿದರು.