ಮೇಷ್ಟ್ರ ಪಥ್ಯ

ಚಡ್ಡಿ ಹಾಕಿ ಮೈದಾನದಲ್ಲಿ ನಿಂತರೆ ನಮ್ಮ ಡ್ರಿಲ್ ಮೇಷ್ಟ್ರ ಮೀನಖಂಡಗಳು ಸುಲಿದ ತೆಂಗಿನಕಾಯಿಯ ಹಾಗೆ ಕಾಣುತ್ತಿದ್ದವು. ಖೋಖೋ ತಂಡದ ಹುಡುಗಿಯರು ನಾವು ಮುಸಿಮುಸಿ ನಗುತ್ತಿದ್ದೆವು. ದಿನಾ ಬೆಳಿಗ್ಗೆ ಅವರು ನೆನೆಸಿದ ಕಡಲೆಕಾಳಿನ ಡಬ್ಬಿ ತರುತ್ತಿದ್ದರು. ಒಬ್ಬೊಬ್ಬರಿಗೂ ಒಂದು ಹಿಡಿ ಕೊಟ್ಟು, ನುಂಗುವವರೆಗೆ ಎದುರಿಗೇ ನಿಲ್ಲುತ್ತಿದ್ದರು. "ಅನ್ನ ತಿಂದು ಓಡ್ಬಹುದು ಮಾರಾಯ್ತಿ. ಓಡಿ ಸವೆದ ಮೈ ಕಟ್ಟೋದು ಕಾಳು, ಮೊಟ್ಟೆ, ಮೀನು" ಎನ್ನುತ್ತಿದ್ದರು.

ಒಮ್ಮೆ ಶೆಟ್ಟಿಕೊಪ್ಪದ ನಮ್ಮ ಮನೆಗೆ ಊಟಕ್ಕೆ ಬಂದರು. ಅಣ್ಣನ ತಟ್ಟೆಯಲ್ಲಿ ಮೀನಿನ ತುಂಡುಗಳಿದ್ದವು, ನನ್ನದರಲ್ಲಿ ಬರೀ ಸಾರು.

"ಓಡೋದು ಇವಳು, ತಿನ್ನೋದು ಅವನಾ ಗೌಡ್ರೇ?"

"ಹೆಣ್ಮಕ್ಳಿಗೆ ಅಷ್ಟೆಲ್ಲ ಎಂತಕ್ಕೆ ಮೇಷ್ಟ್ರೇ" ಎಂದು ಅಪ್ಪ ನಕ್ಕರು.

ಮೇಷ್ಟ್ರು ಊಟ ಬಿಟ್ಟು ಎದ್ದರು. ಅಮ್ಮ ಗಾಬರಿಯಾಗಿ ನನ್ನ ತಟ್ಟೆಗೆ ತುಂಡು ಹಾಕಿದ ಮೇಲೆಯೇ ಅವರು ಮತ್ತೆ ಕೂತರು. ಆಮೇಲೆ ಆ ಮನೆಯಲ್ಲಿ ನನ್ನ ಪಾಲು ತಪ್ಪಲಿಲ್ಲ. ಇವತ್ತು ನನ್ನ ಮೈಯಲ್ಲಿ ಕಸುವಿದ್ದರೆ ಅದು ಅವರು ಕೊಡಿಸಿದ್ದು.

ಇಂಥ ಮನುಷ್ಯನನ್ನು ಗಂಜಿ ಕುಡಿಸಿ ಕೊಂದರು. ಹೀಗೆಲ್ಲ ಬರೆಯಬಾರದು ಎನ್ನುವವರು ಎನ್ನಲಿ.

ಬಾಳಗಡಿಯ ಹತ್ತಿರ ಬೈಕ್ ಜಾರಿ ಅವರ ಕಾಲು ಜಜ್ಜಿಹೋಯಿತು. ಆಪರೇಷನ್ ಆಯಿತು. ಗಾಯ ಮಾಯಬೇಕಾದರೆ ಮೊಟ್ಟೆ, ಮೀನು, ಬೇಳೆ ಚೆನ್ನಾಗಿ ಕೊಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮದುವೆಯಾಗದ ಮೇಷ್ಟ್ರನ್ನು ನೋಡಿಕೊಂಡವರು ಅವರ ಅಕ್ಕ. ಆಕೆಗೆ ಡಾಕ್ಟರ ಮಾತಿಗಿಂತ ನಂಜಿನ ಭಯ ದೊಡ್ಡದು. ಮೊಟ್ಟೆ ನಂಜು, ಮೀನು ನಂಜು, ಬೇಳೆಯೂ ನಂಜು. ತಿಂದರೆ ಗಾಯದಲ್ಲಿ ಕೀವು ತುಂಬುತ್ತದಂತೆ. ತಿಂಗಳುಗಟ್ಟಲೆ ಗಂಜಿ ಮತ್ತು ತಿಳಿಸಾರು. ನೋಡಲು ಬಂದ ಘನಂದಾರಿ ಜನರೆಲ್ಲ ಬ್ರೆಡ್ಡು, ಬಿಸ್ಕತ್ತು ಇಟ್ಟು, ಆಕೆಯ ಮಾತಿಗೆ ತಲೆಯಾಡಿಸಿ ಹೋದರು.

ನಾನು ಬೇಯಿಸಿದ ಮೊಟ್ಟೆ ಒಯ್ದಾಗ ಆಕೆ ಬಾಗಿಲಲ್ಲೇ ತಡೆದರು. "ನಂಜಾಗ್ತದೆ ಮಗಾ, ವಾಪಸ್ ತಗೊಂಡ್ಹೋಗು."

ಮೊಟ್ಟೆ ಹೊರಗೇ ಇಟ್ಟು ಒಳಗೆ ಹೋದೆ. ಮೇಷ್ಟ್ರ ಕಾಲು ಬಡಕಲಾಗಿತ್ತು. ಗಾಯ ಹಾಗೇ ಬಾಯಿ ಬಿಟ್ಟಿತ್ತು. ನೀವಾದರೂ ಹೇಳಿ ಸಾರ್ ಎಂದೆ.

"ಎತ್ತಿ ಆಡ್ಸಿ ಸಾಕಿದವ್ಳು ಮಾರಾಯ್ತಿ. ಅವಳ ಹತ್ರ ಎಂತ ಜಗಳ" ಎಂದು ಗೋಡೆಯ ಕಡೆ ತಿರುಗಿದರು.

ನನಗೋಸ್ಕರ ಅಪ್ಪನ ಹತ್ತಿರ ಜಗಳಕ್ಕೆ ನಿಂತವರು ತಮಗೋಸ್ಕರ ಒಂದು ಮಾತಾಡಲಿಲ್ಲ. ಆ ಒಳ್ಳೆಯತನದ ಮೇಲೂ ನನಗೆ ಸಿಟ್ಟಿದೆ. ಮಳೆಗಾಲ ಮುಗಿಯುವ ಮೊದಲೇ ಕೀವು ರಕ್ತಕ್ಕೇರಿ ಹೋಗಿಬಿಟ್ಟರು.

ತಿಥಿಯ ದಿನ ಫೋಟೋದ ಮುಂದೆ ಬಾಳೆಲೆಯಲ್ಲಿ ಎಡೆ ಇಟ್ಟಿದ್ದರು. ಕೋಳಿಸಾರು, ಹುರಿದ ಮೀನು, ಸುಲಿದ ಮೊಟ್ಟೆಗಳು.

"ಮೊಟ್ಟೆ ಅಂದ್ರೆ ಪ್ರಾಣ ಅವನಿಗೆ" ಎಂದು ಅಕ್ಕ ಕಣ್ಣೊರೆಸಿಕೊಂಡು ಎಲೆಗೆ ಹಾಕಲು ಇನ್ನೊಂದನ್ನು ಎತ್ತಿಕೊಂಡರು.

"ಈಗ ನಂಜಾಗೋದಿಲ್ವಾ ದೊಡ್ಡಮ್ಮ?" ಎಂದೆ.

ಸುತ್ತಲಿದ್ದವರು ನನ್ನನ್ನು ಗದರಿದರು. ಮೊಟ್ಟೆ ಹಿಡಿದ ಆಕೆಯ ಕೈ ಎಲೆಯ ಮೇಲೆ ಹಾಗೇ ನಿಂತಿತು.