ಎರಡು ಕೌಂಟರಿಗೂ ಒಂದೇ ನೆನಪು

ಆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವನನ್ನು ಎಲ್ಲರೂ ಜಾಣಪ್ಪ ಎಂದೇ ಕರೆಯುತ್ತಿದ್ದರು. ಫ್ರಿಜ್ಜಿನ ಪಕ್ಕದ ಇಕ್ಕಟ್ಟು ಕೋಣೆಯಲ್ಲಿ ಕೂತು ಲ್ಯಾಬಿನ ಪ್ರೋಗ್ರಾಮನ್ನೆಲ್ಲ ಬರೆದವನು ಅವನೇ. ಹೊಗಳಿದರೆ ಉಬ್ಬಿಹೋಗುವ ಆಸಾಮಿ.

ಯಾವ ಕೌಂಟರಿನಲ್ಲಿ ಯಾರ ಹೆಸರು ತೆರೆದಿದೆ ಎಂಬುದು ಆಯಾ ಕೌಂಟರಿನ ಸೆಷನ್ನಿನಲ್ಲಿ, ಅಂದರೆ ಅದಕ್ಕೇ ಮೀಸಲಾದ ನೆನಪಿನಲ್ಲಿರಬೇಕು. ವರದಿ ತಂದುಕೊಡುವ ಎಪಿಐ ಎಂಬ ಭಾಗ ಪ್ರತಿ ಸಲವೂ ಅಲ್ಲಿಂದಲೇ ಕೇಳಿ ತಿಳಿದುಕೊಳ್ಳಬೇಕು. ಆ ಸೆಷನ್ ಸಲೀಸಾಗಿ ಕೈಗೆ ಸಿಗಲಿಲ್ಲವೆಂದು ಜಾಣಪ್ಪ ಅಡ್ಡದಾರಿ ಹಿಡಿದ. ಎರಡೂ ಕೌಂಟರಿಗೆ ಸೇರಿಸಿ ಒಂದೇ ಜಾಗದಲ್ಲಿ ಹೆಸರು ಬರೆದಿಡುವಂತೆ ಮಾಡಿದ. ಇವರು ಪ್ರಿಂಟ್ ಒತ್ತುವಷ್ಟರಲ್ಲಿ ಪಕ್ಕದವರು ಬೇರೆ ಹೆಸರು ತೆರೆದರೆ ಮುಗಿಯಿತು: ಪರದೆಯ ಮೇಲೆ ಒಬ್ಬರು, ಕಾಗದದ ಮೇಲೆ ಇನ್ನೊಬ್ಬರು.

ಒಂದು ಬೆಳಿಗ್ಗೆಯ ನೂಕುನುಗ್ಗಲಿನಲ್ಲಿ ಹಾಗೇ ಆಯಿತು. ಕೌಂಟರಿನ ಅಕ್ಕ ಪರದೆಯಲ್ಲಿ ಹೆಸರು ನೋಡಿ, ಬಂದ ಕಾಗದವನ್ನು ಮಡಚಿ ಸಕ್ಕರೆ ಕಾಯಿಲೆಯ ಮುದುಕರೊಬ್ಬರಿಗೆ ಕೊಟ್ಟಳು. ಅದು ಬೇರೆಯವರ ವರದಿ. ಹೆಸರು ಗಮನಿಸದೆ, ಸಕ್ಕರೆ ಇಳಿದಿದೆಯೆಂದು ಹಿಗ್ಗಿದ ಮುದುಕರು ಮಾತ್ರೆ ಬಿಟ್ಟರು, ಆಸ್ಪತ್ರೆ ಸೇರಿದರು. ಪುಣ್ಯಕ್ಕೆ ಬದುಕಿಕೊಂಡರು. ಹೆಸರು ಸರಿಯಾಗಿ ನೋಡಲಿಲ್ಲವೆಂದು ಲ್ಯಾಬಿನ ಒಡತಿ ಡಾಕ್ಟರಮ್ಮ ಅಕ್ಕನನ್ನು ಕೌಂಟರಿನಿಂದ ಎಬ್ಬಿಸಿ ಗಾಜಿನ ಸಾಮಾನು ತೊಳೆಯಲು ಹಾಕಿದರು.

ಜಾಣಪ್ಪನಿಗೆ ತಪ್ಪು ಅಂದೇ ಸಿಕ್ಕಿತು. ತೆಪ್ಪಗೆ ಸರಿಪಡಿಸಿದ, ತುಟಿ ಪಿಟಕ್ಕೆನ್ನಲಿಲ್ಲ. ಕೆಲಸ ಹೋದರೆ ಮನೆಯವರ ಗತಿಯೇನು ಎಂದು ತನಗೆ ತಾನೇ ಸಬೂಬು ಹೇಳಿಕೊಂಡ.

ಅಕ್ಕ ರೇಗಾಡಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಅವಳು ಹೊಸ ಕನ್ನಡಕ ಮಾಡಿಸಿಕೊಂಡಳು. ಒಂದು ದಿನ ಬಾಟಲಿಯೊಂದನ್ನು ಅವನ ಮುಂದೆ ಹಿಡಿದು, "ಇದ್ರ ಮೇಲೆ ಏನ್ ಬರ್ದಿದೆ ಓದಪ್ಪಾ. ನನ್ನ ಕಣ್ಣನ್ನ ನಾನೇ ನಂಬೋಕಾಗ್ತಿಲ್ಲ" ಎಂದಳು.

ಅವನು ಬಾಟಲಿಯನ್ನು ಇಸಿದುಕೊಂಡು ಕೆಳಗಿಟ್ಟ. ಅವಳನ್ನು ಸೀದಾ ಡಾಕ್ಟರಮ್ಮನ ಕೋಣೆಗೆ ಕರೆದುಕೊಂಡು ಹೋದ. "ಅವತ್ತಿನ ತಪ್ಪು ಅಕ್ಕಂದಲ್ಲ ಮೇಡಂ, ನಂದು. ಪ್ರೋಗ್ರಾಮಿಂದು."

ಡಾಕ್ಟರಮ್ಮ ನಕ್ಕುಬಿಟ್ಟರು. "ಕನಿಕರಕ್ಕೂ ಒಂದು ಮಿತಿ ಬೇಕು ಜಾಣಪ್ಪ. ಪ್ರೋಗ್ರಾಮ್ ಚೆನ್ನಾಗೇ ಇದ್ಯಲ್ಲ!"

ಅಕ್ಕ ಕಣ್ಣೊರೆಸಿಕೊಂಡಳು. "ನನ್ನ ತಪ್ಪನ್ನ ನೀನ್ಯಾಕಪ್ಪಾ ಹೊತ್ಕೋತೀಯ? ನಿನ್ನಂಥವ್ರು ಎಲ್ಲಿ ಸಿಗ್ತಾರೆ!"

ಹೊಗಳಿಕೆ ಕೇಳಿ ಅವನಿಗೆ ನಾಚಿಕೆಯಾಯಿತು. ಮಧ್ಯಾಹ್ನ, ಜನವಿಲ್ಲದ ಹೊತ್ತು ನೋಡಿ, ಸರಿಪಡಿಸುವ ಮುಂಚಿನ ಹಳೆಯ ಪ್ರೋಗ್ರಾಮನ್ನು ಮತ್ತೆ ಹಾಕಿದ. ಡಾಕ್ಟರಮ್ಮನ ಎದುರಿಗೇ ಅಕ್ಕನನ್ನು ಒಂದು ಕೌಂಟರಿನಲ್ಲಿ ಕೂರಿಸಿ ತಾನು ಇನ್ನೊಂದರಲ್ಲಿ ಕೂತ. ಅವಳು ಒಂದು ಹೆಸರು ತೆರೆದಳು, ಅವನು ಇನ್ನೊಂದು ತೆರೆದ. "ಈಗ ಪ್ರಿಂಟ್ ಒತ್ತು ಅಕ್ಕ."

ಅಕ್ಕ ಪರದೆ ನೋಡಿದಳು, ಕಾಗದ ನೋಡಿದಳು. ಹೆಸರು ಬೇರೆ ಬೇರೆ.

"ಅಂದ್ರೆ ನಾನು ಸರಿಯಾಗೇ ನೋಡಿದ್ದೆ."

"ಹೂಂ ಅಕ್ಕ."

"ನಿಂಗಿದು ಯಾವಾಗ ಗೊತ್ತಾಯ್ತು?"

"ಅವತ್ತೇ."

ಅಕ್ಕ ಹೊಸ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಕುರ್ಚಿಯನ್ನು ಕೌಂಟರಿನ ಹತ್ತಿರಕ್ಕೆ ಎಳೆದುಕೊಂಡಳು.

"ಬೇಗ ಸರಿಮಾಡಿ ಸರ್. ಜನ ಬರೋ ಹೊತ್ತಾಯ್ತು."